ಕಾಲಿಗೆ ಕಾಲು ತೊಡರುತ್ತಿದೆ, ಏನು ಮಾಡಲಿ? ಬಾಕ್ಸಿಂಗ್ ಕಲಿಯುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಾಲಿನ ಬಗ್ಗೆಯೇ ಇವೆ. ಒಳ್ಳೆಯದೇ ಆಯಿತು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸರ್, ಬಾಕ್ಸಿಂಗ್ ಕ್ಲಾಸಿಗೆ ಸೇರಿ ಮೂರು ವಾರ ಆಯಿತು. ಕೋಚ್ ಬರೀ ಹಿಂದೆ ಮುಂದೆ ನಡೆಸುತ್ತಿದ್ದಾರೆ. ಹೊಸ ಗ್ಲೌಸ್ ಇನ್ನೂ ಕವರ್‌ನಿಂದ ಹೊರಗೇ ಬಂದಿಲ್ಲ, ಪಂಚಿಂಗ್ ಬ್ಯಾಗ್ ಮುಟ್ಟಲೂ ಬಿಡುತ್ತಿಲ್ಲ. ಇದು ಸರಿನಾ, ಇಲ್ಲಾ ಸುಮ್ನೆ ಟೈಮ್ ಕಳೆಯುತ್ತಿದ್ದಾರಾ?

ಉತ್ತರ: ಸರಿಯಾಗೇ ಇದೆ. ಅಂಥ ಕೋಚ್ ಸಿಗೋದು ಕಷ್ಟ, ಬಿಡಬೇಡಿ. ಮೊದಲ ದಿನವೇ ಬ್ಯಾಗ್ ಮುಂದೆ ನಿಲ್ಲಿಸಿ ‘ಹೊಡಿ’ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಬೆವರು ಬರುತ್ತದೆ, ಖುಷಿಯೂ ಆಗುತ್ತದೆ, ಆದರೆ ಆರು ತಿಂಗಳಾದ ಮೇಲೆ ಅದೇ ಹುಡುಗರನ್ನು ರಿಂಗ್‌ಗೆ ಇಳಿಸಿದರೆ ನಿಂತ ಜಾಗದಲ್ಲೇ ನಿಂತು ಗಾಳಿಗೆ ಕೈ ಬೀಸುತ್ತಿರುತ್ತಾರೆ. ಬ್ಯಾಗ್ ಎಲ್ಲಿಗೂ ಹೋಗುವುದಿಲ್ಲ. ಎದುರಾಳಿ ಹೋಗುತ್ತಾನೆ, ಅಲ್ವಾ?

ನಂಬಿಕೆ ಬರದಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಗೋಡೆಯಿಂದ ಒಂದು ಕೈಯಳತೆ ದೂರದಲ್ಲಿ ಎರಡೂ ಪಾದ ಜೋಡಿಸಿ ನಿಂತು ಬಲಗೈಯಿಂದ ಗೋಡೆಯನ್ನು ಜೋರಾಗಿ ತಳ್ಳಿ. ಹಿಂದಕ್ಕೆ ಹೋಗುವುದು ನೀವೇ. ಈಗ ಬಲಗಾಲನ್ನು ಹಿಂದಕ್ಕೆ ಇಟ್ಟು, ಅದರ ಹಿಮ್ಮಡಿ ಸ್ವಲ್ಪ ಎತ್ತಿ, ಎರಡೂ ಮಂಡಿ ಸ್ವಲ್ಪ ಬಗ್ಗಿಸಿ ಮತ್ತೆ ತಳ್ಳಿ. ಈ ಸಲ ಕದಲುವುದಿಲ್ಲ. ಹಿಂದಿನ ಕಾಲಿನ ಹೆಬ್ಬೆರಳ ಬುಡ ನೆಲವನ್ನು ಒತ್ತುತ್ತಿರುವುದು ನಿಮಗೇ ಗೊತ್ತಾಗುತ್ತದೆ. ಪಂಚ್‌ನ ಬಲ ಹೊರಡುವುದು ಅಲ್ಲಿಂದ. ಅಲ್ಲಿಂದ ಮಂಡಿಗೆ, ಸೊಂಟಕ್ಕೆ, ಭುಜಕ್ಕೆ ಹತ್ತಿ ಕೊನೆಗೆ ಮುಷ್ಟಿಗೆ ಬರುತ್ತದೆ. ಕಾಲು ಜಾಗದಲ್ಲಿ ಇಲ್ಲದಿದ್ದರೆ ತೋಳು ಎಷ್ಟೇ ದಪ್ಪ ಇದ್ದರೂ ಪ್ರಯೋಜನ ಇಲ್ಲ.

ನಿಲ್ಲುವುದನ್ನೂ ಹೇಳಿಬಿಡುತ್ತೇನೆ, ಕೋಚ್ ಹೇಳಿದ್ದಕ್ಕೆ ತಾಳೆ ನೋಡಿಕೊಳ್ಳಿ. ಬಲಗೈ ಬಳಸುವವರು ಎಡಗಾಲು ಮುಂದಿಟ್ಟು ನಿಲ್ಲುತ್ತಾರೆ, ಇದಕ್ಕೆ ಆರ್ಥೊಡಾಕ್ಸ್ ಅನ್ನುತ್ತಾರೆ. ಎರಡು ಪಾದಗಳ ನಡುವೆ ಹೆಚ್ಚುಕಡಿಮೆ ಭುಜದಷ್ಟು ಅಂತರ ಇರಲಿ. ಪಾದಗಳು ಒಂದರ ಹಿಂದೆ ಒಂದು ಒಂದೇ ಗೆರೆಯ ಮೇಲೆ ಬರಬಾರದು. ರೈಲು ಹಳಿಗಳ ಥರ ಒಂದು ಪಾದ ಒಂದು ಹಳಿ ಮೇಲೆ, ಇನ್ನೊಂದು ಇನ್ನೊಂದರ ಮೇಲೆ ಅಂದುಕೊಳ್ಳಿ. ಒಂದೇ ಗೆರೆಗೆ ಬಂದರೆ ಪಕ್ಕದಿಂದ ಯಾರಾದರೂ ಬೆರಳಲ್ಲಿ ತಳ್ಳಿದರೂ ಬೀಳುತ್ತೀರಿ. ಎರಡೂ ಪಾದ ಸ್ವಲ್ಪ ಓರೆಯಾಗಿ ಬಲಕ್ಕೆ ತಿರುಗಿರಲಿ. ಹಿಂದಿನ ಹಿಮ್ಮಡಿ ನೆಲದಿಂದ ಸ್ವಲ್ಪವೇ ಎದ್ದಿರಲಿ, ಒಂದು ಕಾಗದ ಆರಾಮಾಗಿ ತೂರಿಸುವಷ್ಟು ಸಾಕು, ತುದಿಗಾಲಲ್ಲಿ ನಿಲ್ಲಬೇಕಿಲ್ಲ. ಭಾರ ಎರಡೂ ಕಾಲಿನ ಮೇಲೆ ಹೆಚ್ಚುಕಡಿಮೆ ಸಮ. ಮಂಡಿ ಸಡಿಲ. ಗದ್ದ ಒಳಗೆ, ಕೈ ಮೇಲೆ. ಇಷ್ಟೇ.

ಇಷ್ಟನ್ನು ಯಾರು ಬೇಕಾದರೂ ಐದು ನಿಮಿಷದಲ್ಲಿ ಕಲಿಯುತ್ತಾರೆ. ನಡೆಯಲು ಶುರುಮಾಡಿದ ಕೂಡಲೇ ಎಲ್ಲಾ ಹೋಗುತ್ತದೆ. ನಿಮ್ಮ ಕೋಚ್ ಮೂರು ವಾರದಿಂದ ಮಾಡಿಸುತ್ತಿರುವುದು ಅದು ಹೋಗದ ಹಾಗೆ ನಡೆಯುವುದನ್ನು. ಅವರು ನಡುವೆ ಥಟ್ಟನೆ ‘ನಿಲ್ಲಿ’ ಅಂದಾಗ ನೀವು ಶುರುವಿನಲ್ಲಿ ನಿಂತ ಹಾಗೇ ಇದ್ದೀರಾ, ಆ ಕ್ಷಣದಲ್ಲೇ ಒಂದು ಪಂಚ್ ಹೊಡೆಯೋಕೆ ಆಗುತ್ತಾ? ಹತ್ತು ಸಲದಲ್ಲಿ ಹತ್ತು ಸಲವೂ ಹೌದು ಅನ್ನೋದಾದರೆ ಧೈರ್ಯವಾಗಿ ಹೋಗಿ ಬ್ಯಾಗ್ ಕೇಳಿ.

ಪ್ರಶ್ನೆ: ಮುಂದೆ, ಹಿಂದೆ, ಎಡಕ್ಕೆ ಸರಿಯಾಗಿ ಹೋಗುತ್ತೇನೆ. ಬಲಕ್ಕೆ ಹೋಗುವಾಗ ಮಾತ್ರ ಕಾಲು ಕಾಲಿಗೆ ತೊಡರಿ ಬೀಳುವ ಹಾಗಾಗುತ್ತದೆ. ನನ್ನ ಕಾಲಲ್ಲೇ ಏನಾದರೂ ದೋಷ ಇದೆಯಾ?

ಉತ್ತರ: ದೋಷ ಏನೂ ಇಲ್ಲ, ನೀವು ನಡೆಯೋದನ್ನು ತುಂಬಾ ಚೆನ್ನಾಗಿ ಕಲಿತಿದ್ದೀರಿ ಅಷ್ಟೇ. ಹುಟ್ಟಿ ಒಂದು ವರ್ಷಕ್ಕೆಲ್ಲ ಶುರುವಾದ ಅಭ್ಯಾಸ ಅದು: ಒಂದು ಕಾಲು ಇನ್ನೊಂದನ್ನು ದಾಟಿ ಮುಂದೆ ಹೋಗುವುದು. ಬಾಕ್ಸಿಂಗ್‌ನಲ್ಲಿ ಕಾಲು ಕಾಲನ್ನು ದಾಟುವ ಹಾಗಿಲ್ಲ. ದಾಟಿದ ಆ ಅರೆ ಕ್ಷಣ ನೀವು ಒಂದೇ ಗೆರೆಯ ಮೇಲೆ ಇರುತ್ತೀರಿ, ಆಗ ಒಂದು ಸಣ್ಣ ಜ್ಯಾಬ್ (ಮುಂದಿನ ಕೈಯಿಂದ ಹೊಡೆಯುವ ನೇರ ಪಂಚ್) ತಗುಲಿದರೂ ನೆಲಕ್ಕೆ. ಹೊಡೆತ ಜೋರಾಗಿತ್ತು ಅಂತಲ್ಲ, ನಿಲ್ಲೋಕೆ ಕಾಲೇ ಇರಲಿಲ್ಲ.

ನಿಯಮ ಒಂದೇ. ಯಾವ ಕಡೆ ಹೋಗಬೇಕೋ ಆ ಕಡೆ ಇರುವ ಕಾಲು ಮೊದಲು ಹೋಗುತ್ತದೆ, ಇನ್ನೊಂದು ಅಷ್ಟೇ ದೂರ ಹಿಂಬಾಲಿಸುತ್ತದೆ. ಮುಂದೆ ಹೋಗಲು ಮುಂದಿನ ಕಾಲು, ಹಿಂದೆ ಬರಲು ಹಿಂದಿನ ಕಾಲು, ಎಡಕ್ಕೆ ಎಡಗಾಲು, ಬಲಕ್ಕೆ ಬಲಗಾಲು. ಇದು ಎಲ್ಲರಿಗೂ ಗೊತ್ತಿರುತ್ತದೆ. ಆದರೂ ಯಾಕೆ ತಪ್ಪುತ್ತದೆ ಅಂದರೆ, ಹೋಗುವ ಕಾಲಿನ ಬಗ್ಗೆ ಮಾತ್ರ ಯೋಚಿಸುತ್ತಾರೆ. ನಿಮ್ಮನ್ನು ಸರಿಸುವುದು ಆ ಕಾಲಲ್ಲ, ಇನ್ನೊಂದು ಕಾಲು. ಬಲಕ್ಕೆ ಹೋಗಬೇಕಾದರೆ ಎಡಗಾಲಿನ ಹೆಬ್ಬೆರಳ ಬುಡದಿಂದ ನೆಲವನ್ನು ಎಡಕ್ಕೆ ತಳ್ಳಬೇಕು, ಆಗ ಬಲಗಾಲು ತಾನಾಗೇ ಜಾರಿ ಜಾಗಕ್ಕೆ ಹೋಗುತ್ತದೆ. ತಳ್ಳದೆ ಬರೀ ಬಲಗಾಲನ್ನು ಎತ್ತಿ ಇಡಲು ಹೋದರೆ ಮೈಭಾರ ಎಡಗಾಲಲ್ಲೇ ಉಳಿಯುತ್ತದೆ. ಆಮೇಲೆ ಅದನ್ನು ಎಳೆದುಕೊಳ್ಳೋಕೆ ಎಡಗಾಲು ದೊಡ್ಡ ಹೆಜ್ಜೆ ಹಾಕುತ್ತದೆ, ಬಲಗಾಲನ್ನು ದಾಟಿಯೂ ಬಿಡುತ್ತದೆ. ನಿಮಗೆ ಆಗುತ್ತಿರುವುದು ಇದೇ. ಎಡಕ್ಕೆ ಹೋಗುವಾಗ ತಳ್ಳುವುದು ಬಲಗಾಲು, ಬಲಗೈಯವರಲ್ಲಿ ಅದು ಮೊದಲೇ ಹಿಂದೆ ಇದ್ದು ತಳ್ಳಲು ತಯಾರಾಗಿರುತ್ತದೆ. ಅದಕ್ಕೇ ಆ ಕಡೆ ಸುಲಭ.

ಹೆಜ್ಜೆ ಚಿಕ್ಕದಿರಲಿ. ಒಂದು ಗೇಣಿಗಿಂತ ಜಾಸ್ತಿ ಬೇಡ, ಶುರುವಿನಲ್ಲಿ ಅದರ ಅರ್ಧ ಸಾಕು. ಎರಡಡಿ ಹೋಗಬೇಕಾದರೆ ಚಿಕ್ಕದಾಗಿ ನಾಲ್ಕು ಹೆಜ್ಜೆ ಹಾಕಿ. ಪಾದವನ್ನು ಎತ್ತಿ ಹಾಕಬೇಡಿ, ನೆಲ ಬಿಟ್ಟೂ ಬಿಡದ ಹಾಗೆ ಜಾರಿಸಿ. ಕಿವಿಯಲ್ಲೇ ಪರೀಕ್ಷೆ ಮಾಡಬಹುದು: ‘ಸರ್ ಸರ್’ ಅಂತ ಉಜ್ಜುವ ಸದ್ದು ಬಂದರೆ ಸರಿ, ‘ಧಪ್ ಧಪ್’ ಅಂದರೆ ಹಿಮ್ಮಡಿ ಮೇಲೆ ಬೀಳುತ್ತಿದ್ದೀರಿ.

ಇನ್ನೊಂದು ಉಪಾಯ. ನೆಲದ ಮೇಲೆ ಉದ್ದಕ್ಕೆ ಒಂದು ಟೇಪ್ ಅಂಟಿಸಿ, ಅದರ ಎರಡು ಪಕ್ಕಕ್ಕೆ ಒಂದೊಂದು ಪಾದ ಇಟ್ಟು ನಿಂತು ಮುಂದೆ ಹಿಂದೆ ಹೋಗಿ. ಯಾವ ಪಾದವೂ ಟೇಪ್ ಮುಟ್ಟಬಾರದು. ಪಕ್ಕಕ್ಕೆ ಹೋಗುವ ಅಭ್ಯಾಸಕ್ಕೆ ಟೇಪ್ ಬಿಟ್ಟು, ಒಂದೇ ಹೆಜ್ಜೆ ಹಾಕಿ ನಿಲ್ಲಿ. ಪಾದದ ಅಂತರ ಮೊದಲಿನಷ್ಟೇ ಇದೆಯಾ ನೋಡಿ, ಮತ್ತೆ ಒಂದು ಹೆಜ್ಜೆ. ಬೇಜಾರಾಗುತ್ತದೆ, ಗೊತ್ತು. ಪಾದಗಳು ಹತ್ತಿರ ಬಂದು ಜೋಡಿಯಾಗುವುದೂ ದಾಟಿದಷ್ಟೇ ಕೆಟ್ಟದ್ದು, ಅದನ್ನು ಮಾತ್ರ ಹೆಚ್ಚಿನವರು ಗಮನಿಸುವುದೇ ಇಲ್ಲ.

ಪ್ರಶ್ನೆ: ಕಾಲು ನೋಡದೆ ಹೆಜ್ಜೆ ಸರಿ ಬರುತ್ತಿಲ್ಲ. ನೋಡಿದರೆ ಕೋಚ್ ಬೈಯುತ್ತಾರೆ.

ಉತ್ತರ: ಬೈಯಲಿ. ಎದುರಾಳಿಯ ಎದೆಯ ಮೇಲ್ಭಾಗ ಇರುವ ಎತ್ತರಕ್ಕೆ ಗೋಡೆಯ ಮೇಲೆ ಒಂದು ಗುರುತು ಮಾಡಿ, ಕಣ್ಣು ಅಲ್ಲೇ ಇರಲಿ. ಹೆಜ್ಜೆ ಮುಗಿದ ಮೇಲೆ ಒಂದು ಸಲ ಕೆಳಗೆ ನೋಡಿ ಪರೀಕ್ಷಿಸಿಕೊಳ್ಳಬಹುದು, ಹೆಜ್ಜೆ ನಡೆಯುತ್ತಿರುವಾಗ ಬೇಡ. ತಲೆ ಬಗ್ಗಿದರೆ ಮೈಭಾರವೂ ಮುಂದಕ್ಕೆ ಬಾಗುತ್ತದೆ, ಆಗ ಹೆಜ್ಜೆ ಇನ್ನೂ ಕೆಡುತ್ತದೆ.

ಪ್ರಶ್ನೆ: ಟಿವಿಯಲ್ಲಿ ಬಾಕ್ಸರ್‌ಗಳು ಪೂರ್ತಿ ಹೊತ್ತು ಪುಟಿಯುತ್ತಾ ಇರುತ್ತಾರೆ. ನಾನು ಹಾಗೆ ಮಾಡಿದರೆ ಒಂದು ರೌಂಡ್ ಮುಗಿಯುವ ಮೊದಲೇ ಕಾಲು ಬಿದ್ದುಹೋಗುತ್ತದೆ. ದಮ್ಮು ಸಾಲದಾ? ಅಲಿ ಶಫಲ್ ಕಲಿಯಬೇಕು ಅಂತಲೂ ಆಸೆ ಇದೆ.

ಉತ್ತರ: ಕೊನೆಯದನ್ನು ಮೊದಲು ಮುಗಿಸಿಬಿಡೋಣ. ಅಲಿ ಶಫಲ್ ಅಂದರೆ ಮುಂದಿನ ಕಾಲು, ಹಿಂದಿನ ಕಾಲು ಪಟಪಟ ಅದಲುಬದಲು ಮಾಡುವುದು. ನೋಡಲು ಚಂದ. ಮಹಮ್ಮದ್ ಅಲಿ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು, 1964ರಲ್ಲಿ ಸನ್ನಿ ಲಿಸ್ಟನ್‌ನನ್ನು ಸೋಲಿಸಿ ಹೆವಿವೇಟ್ ಚಾಂಪಿಯನ್ ಆದವರು, ಕೈ ಕೆಳಗಿಟ್ಟುಕೊಂಡೇ ಆಡಿದವರು. ಅವರ ಕಣ್ಣು ಮತ್ತು ವೇಗ ನಿಮಗಿದ್ದರೆ ನೀವೂ ಮಾಡಿ. ಇಲ್ಲದಿದ್ದರೆ ಕಾಲು ಅದಲುಬದಲು ಆಗುತ್ತಿರುವಾಗಲೇ ಮೂಗಿಗೆ ಬೀಳುತ್ತದೆ.

ಈಗ ಪುಟಿಯುವುದು. ಟಿವಿಯಲ್ಲಿ ನೋಡುವಾಗ ಅವರ ತಲೆ ಎಷ್ಟು ಮೇಲೆ ಕೆಳಗೆ ಆಗುತ್ತಿದೆ ಅಂತ ನೋಡಿ. ತುಂಬಾ ಕಡಿಮೆ. ಪಾದ ನೆಲ ಬಿಟ್ಟು ಒಂದು ಇಂಚೂ ಏಳುವುದಿಲ್ಲ. ಹೊಸಬರು ಮಾಡುವುದು ಎತ್ತರದ ಜಿಗಿತ, ಪ್ರತಿ ಸಲವೂ ಇಡೀ ಮೈಭಾರವನ್ನು ಮೀನಖಂಡ ಎತ್ತಬೇಕು, ಮತ್ತೆ ಇಳಿಸಬೇಕು. ದಮ್ಮು ಎಷ್ಟಿದ್ದರೂ ಸಾಲುವುದಿಲ್ಲ. ಅದೂ ಅಲ್ಲದೆ ಗಾಳಿಯಲ್ಲಿ ಇರುವಾಗ ನೀವು ಹೊಡೆಯುವ ಹಾಗೂ ಇಲ್ಲ, ದಿಕ್ಕು ಬದಲಿಸುವ ಹಾಗೂ ಇಲ್ಲ. ಬುದ್ಧಿವಂತ ಎದುರಾಳಿ ನಿಮ್ಮ ತಾಳ ಹಿಡಿದು ನೀವು ಮೇಲಿರುವಾಗಲೇ ಬರುತ್ತಾನೆ.

ಮೊದಲ ಕೆಲವು ತಿಂಗಳು ಪುಟಿಯುವುದನ್ನು ಮರೆತುಬಿಡಿ ಅಂತಲೇ ನಾನು ಹೇಳುತ್ತೇನೆ. ಎಲ್ಲಾ ಕೋಚ್‌ಗಳೂ ಇದನ್ನು ಒಪ್ಪುವುದಿಲ್ಲ, ಅಮೆಚೂರ್ ಶೈಲಿಯಲ್ಲಿ ಮುಂದೆ ಹಿಂದೆ ತೂಗುತ್ತಾ ಪುಟಿಯುವುದನ್ನು ಬೇಗ ಕಲಿಸುವವರೂ ಇದ್ದಾರೆ, ಅವರ ಹುಡುಗರೂ ಗೆಲ್ಲುತ್ತಾರೆ. ಆದರೆ ವಾರಕ್ಕೆ ಮೂರು ದಿನ ಬರುವವರಿಗೆ ಜಾರುವ ಹೆಜ್ಜೆಯೇ ಮೊದಲು. ಅದು ಕೂತ ಮೇಲೆ ಮಂಡಿಯನ್ನು ಸ್ವಲ್ಪ ಸಡಿಲ ಬಿಟ್ಟು, ಭಾರವನ್ನು ಮುಂದಿನ ಕಾಲಿಂದ ಹಿಂದಿನ ಕಾಲಿಗೆ, ಹಿಂದಿನಿಂದ ಮುಂದಕ್ಕೆ ತೂಗಿಸಿ. ಪುಟಿಯುವುದು ಅಲ್ಲಿಂದ ತಾನಾಗೇ ಬರುತ್ತದೆ.

ದಮ್ಮಿಗೆ ಸ್ಕಿಪ್ಪಿಂಗ್ ಮಾಡಿ. ಹಗ್ಗದ ನಡುವೆ ಕಾಲಿಟ್ಟು ಎಳೆದರೆ ಹಿಡಿಗಳು ಕಂಕುಳವರೆಗೆ ಬರಬೇಕು, ಅಷ್ಟು ಉದ್ದ. ತಿರುಗಬೇಕಾದ್ದು ಮಣಿಕಟ್ಟು, ತೋಳಲ್ಲ. ಹಗ್ಗ ಹಾದುಹೋಗುವಷ್ಟು ಮಾತ್ರ ಏಳಿ. ಮೂರು ನಿಮಿಷ ಮಾಡಿ ಒಂದು ನಿಮಿಷ ಸುಧಾರಿಸಿಕೊಳ್ಳಿ. 1867ರ ಕ್ವೀನ್ಸ್‌ಬೆರಿ ಬಾಕ್ಸಿಂಗ್ ನಿಯಮಗಳ ಕಾಲದಿಂದ ರೌಂಡಿನ ಲೆಕ್ಕ ಅದೇ, ಮೈಗೂ ಅದೇ ಲೆಕ್ಕ ಅಭ್ಯಾಸ ಆಗಲಿ. ಮೂರು ನಿಮಿಷ ಆಗದಿದ್ದರೆ ಒಂದರಿಂದ ಶುರುಮಾಡಿ, ಯಾರೂ ಕೇಳುವುದಿಲ್ಲ.

ಪ್ರಶ್ನೆ: ನಾನು ಎಡಗೈಯವಳು. ಕ್ಲಾಸಿನಲ್ಲಿ ಎಲ್ಲರ ಜೊತೆ ಎಡಗಾಲು ಮುಂದಿಟ್ಟೇ ನಿಲ್ಲಿಸುತ್ತಾರೆ. ಬಲಗಾಲು ಮುಂದಿಡಬೇಕಲ್ವಾ?

ಉತ್ತರ: ಸಾಮಾನ್ಯವಾಗಿ ಹೌದು, ಅದಕ್ಕೆ ಸೌತ್‌ಪಾ ಅನ್ನುತ್ತಾರೆ. ಬಲಗಾಲು, ಬಲಗೈ ಮುಂದೆ, ಬಲವಾದ ಎಡಗೈ ಹಿಂದೆ. ಎಡಗೈಯವರನ್ನು ಎಡಗಾಲು ಮುಂದಿಟ್ಟು ಕಲಿಸುವುದೂ ತಪ್ಪಲ್ಲ, ಆಸ್ಕರ್ ಡಿ ಲಾ ಹೋಯಾ, ಮಿಗೆಲ್ ಕೋಟೊ ಇಬ್ಬರೂ ಎಡಗೈಯವರು, ಇಬ್ಬರೂ ಆರ್ಥೊಡಾಕ್ಸ್ ನಿಂತೇ ವಿಶ್ವ ಚಾಂಪಿಯನ್ ಆದರು. ಬಲವಾದ ಕೈ ಮುಂದೆ ಇರುವುದರಿಂದ ಅಂಥವರ ಎಡ ಹುಕ್ (ಮೊಣಕೈ ಬಗ್ಗಿಸಿ ಪಕ್ಕದಿಂದ ಬೀಸುವ ಪಂಚ್) ತುಂಬಾ ಜೋರು. ಆದರೆ ಅದು ಕೋಚ್ ಯೋಚಿಸಿ ಮಾಡಿದ ಆಯ್ಕೆ ಆಗಿರಬೇಕು. ಹತ್ತು ಜನ ಒಂದೇ ಥರ ನಿಂತರೆ ಕಲಿಸೋದು ಸುಲಭ ಅಂತ ಮಾಡಿದ್ದಾದರೆ ನೀವು ಬಾಯಿಬಿಟ್ಟು ಕೇಳಲೇಬೇಕು. ನೇರವಾಗಿ ಕೇಳಿ.

ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ. ಇವತ್ತು ಇದು ನಾಳೆ ಅದು ಅಂತ ಬದಲಿಸುತ್ತಾ ಹೋದರೆ ಎರಡೂ ಕೂರುವುದಿಲ್ಲ. ಸೌತ್‌ಪಾ ಆದರೆ ಈ ಅಂಕಣದಲ್ಲಿ ನಾನು ಬಲಗೈಯವರಿಗೆ ಎಡ ಅಂದದ್ದನ್ನೆಲ್ಲ ಬಲ ಅಂತ ಓದಿಕೊಳ್ಳಿ. ಒಂದು ವಿಷಯ ಮಾತ್ರ ನಿಮಗೆ ಬೇರೆಯವರಿಗಿಂತ ಬೇಗ ಬೇಕಾಗುತ್ತದೆ. ಎದುರಿಗೆ ಆರ್ಥೊಡಾಕ್ಸ್ ಬಾಕ್ಸರ್ ಇದ್ದಾಗ ನಿಮ್ಮ ಮುಂಗಾಲು, ಅವರ ಮುಂಗಾಲು ಎದುರುಬದುರಾಗುತ್ತವೆ, ಒಬ್ಬರ ಪಾದ ಒಬ್ಬರು ತುಳಿಯುವಷ್ಟು ಹತ್ತಿರ. ನಿಮ್ಮ ಪಾದ ಅವರ ಪಾದದ ಹೊರಗಡೆಗೆ ಇರುವ ಹಾಗೆ ನೋಡಿಕೊಳ್ಳಿ. ಹಾಗಿದ್ದರೆ ನಿಮ್ಮ ಎಡಗೈಗೆ ದಾರಿ ನೇರ ಆಗುತ್ತದೆ, ಅವರ ಬಲಗೈ ದೂರ ಆಗುತ್ತದೆ. ಇಡೀ ಪಂದ್ಯ ಆ ಒಂದು ಪಾದದ ಜಾಗಕ್ಕೆ ಜಗಳ ಆಡಿದ ಹಾಗಿರುತ್ತದೆ.

ಪ್ರಶ್ನೆ: ಹತ್ತಿರದಲ್ಲಿ ಕ್ಲಾಸ್ ಇಲ್ಲ. ಮನೆಯಲ್ಲಿ ಚಿಕ್ಕ ಕೋಣೆ, ಒಂದು ಮೊಬೈಲ್, ಅಷ್ಟೇ ಇರುವುದು. ವಿಡಿಯೋ ನೋಡಿ ಕಲಿಯಬಹುದಾ?

ಉತ್ತರ: ಹೊಡೆಯುವುದನ್ನು ಕಲಿಯಬೇಡಿ, ಹೆಜ್ಜೆ ಕಲಿಯಬಹುದು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ ಜಾಗ ಇದ್ದರೆ ಶುರುವಿಗೆ ಧಾರಾಳ. ವಿಡಿಯೋ ಎಷ್ಟು ನೋಡುತ್ತೀರೋ ಅದಕ್ಕಿಂತ ಜಾಸ್ತಿ ನಿಮ್ಮನ್ನು ನೀವು ವಿಡಿಯೋ ಮಾಡಿಕೊಂಡು ನೋಡಿ. ಮೊಬೈಲನ್ನು ಮೇಜಿನ ಮೇಲೆ ಇಟ್ಟರೆ ಮುಖ ಕಾಣುತ್ತದೆ, ಅದು ಬೇಡ. ನೆಲದ ಹತ್ತಿರ, ಮಂಡಿಯ ಎತ್ತರಕ್ಕೆ, ಒಂದು ಸಲ ಎದುರಿಗೆ ಒಂದು ಸಲ ಪಕ್ಕಕ್ಕೆ ಇಡಿ. ಆಮೇಲೆ ನಿಧಾನ ಗತಿಯಲ್ಲಿ ನೋಡಿ: ಪಾದಗಳು ಯಾವಾಗ ಹತ್ತಿರ ಬಂದವು, ಹಿಂದಿನ ಹಿಮ್ಮಡಿ ಯಾವಾಗ ಕೆಳಗೆ ಕೂತಿತು, ಕೈ ಯಾವಾಗ ಇಳಿಯಿತು. ಕಾಲಿನ ಬಗ್ಗೆ ಯೋಚಿಸುವಾಗ ಕೈ ಇಳಿದೇ ಇಳಿಯುತ್ತದೆ. ಎಲ್ಲರದೂ ಇಳಿಯುತ್ತದೆ.

ನೆಲದ ಮೇಲೆ ಟೇಪಿನಿಂದ ಒಂದು ಚೌಕ ಮಾಡಿ. ಒಂದೇ ಕಡೆ ಮುಖ ಮಾಡಿಕೊಂಡು ಚೌಕದ ಸುತ್ತ ಹೋಗಿ. ಒಂದು ಬದಿಯಲ್ಲಿ ಮುಂದೆ, ಆಮೇಲೆ ಬಲಕ್ಕೆ, ಆಮೇಲೆ ಹಿಂದೆ, ಆಮೇಲೆ ಎಡಕ್ಕೆ. ಒಂದು ರೌಂಡ್ ಆದಮೇಲೆ ದಿಕ್ಕು ತಿರುಗಿಸಿ. ಇದು ಸಲೀಸಾದ ಮೇಲೆ ಯಾರಾದರೂ ಮನೆಯವರನ್ನು ಎದುರು ನಿಲ್ಲಿಸಿ ‘ಮುಂದೆ, ಬಲ, ಹಿಂದೆ’ ಅಂತ ಮನಸ್ಸಿಗೆ ಬಂದ ಹಾಗೆ ಕೂಗಿಸಿ. ಮೊದಲೇ ಗೊತ್ತಿದ್ದ ಹೆಜ್ಜೆ ಬೇರೆ, ಕೇಳಿದ ಕೂಡಲೇ ಹಾಕುವ ಹೆಜ್ಜೆ ಬೇರೆ.

ಜೊತೆಗೆ ಇನ್ನೊಬ್ಬರು ಕಲಿಯುವವರು ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಟವೆಲ್ಲಿನ ಎರಡು ತುದಿ ಇಬ್ಬರೂ ಹಿಡಿದುಕೊಳ್ಳಿ, ಒಬ್ಬರು ಹೇಗೆ ಬೇಕಾದರೂ ಸರಿಯಲಿ, ಇನ್ನೊಬ್ಬರು ಟವೆಲ್ ಬಿಗಿಯಾಗದ ಹಾಗೆ, ಜೋಲು ಬೀಳದ ಹಾಗೆ ಹಿಂಬಾಲಿಸಬೇಕು. ದೂರ ಕಾಯ್ದುಕೊಳ್ಳುವುದು ಅಂದರೇನು ಅಂತ ಇದರಲ್ಲಿ ಕೈಗೇ ಗೊತ್ತಾಗುತ್ತದೆ. ಹೊಡೆತ ಇಲ್ಲ, ಗಾಯ ಇಲ್ಲ. ಕ್ಲಾಸ್ ಸಿಕ್ಕ ದಿನ ನಿಮ್ಮ ಕೋಚ್‌ಗೆ ಅರ್ಧ ಕೆಲಸ ಉಳಿಯುತ್ತದೆ.

ಪ್ರಶ್ನೆ: ರನ್ನಿಂಗ್ ಶೂ ಹಾಕಿಕೊಂಡು ಅಭ್ಯಾಸ ಮಾಡುತ್ತೇನೆ. ಈಗ ಮೀನಖಂಡ ಹಿಡಿದುಕೊಂಡಿದೆ, ತಿರುಗುವಾಗ ಮಂಡಿಯೂ ಚುಳ್ ಅನ್ನುತ್ತದೆ. ಬಾಕ್ಸಿಂಗ್ ಶೂ ತೆಗೆದುಕೊಳ್ಳಲೇಬೇಕಾ?

ಉತ್ತರ: ಮೀನಖಂಡದ ನೋವಿಗೆ ಗಾಬರಿ ಬೇಡ. ಇಷ್ಟು ವರ್ಷ ಹಿಮ್ಮಡಿ ಮೇಲೆ ನಡೆದವರು ಈಗ ಅಂಗಾಲಿನ ಮುಂಭಾಗದ ಮೇಲೆ ನಿಲ್ಲುತ್ತಿದ್ದೀರಿ, ಒಂದೆರಡು ವಾರ ಹಿಡಿದುಕೊಳ್ಳುತ್ತದೆ. ಒಂದು ದಿನ ಬಿಟ್ಟು ಒಂದು ದಿನ ಮಾಡಿ. ಆದರೆ ಹಿಮ್ಮಡಿಯ ಮೇಲಿನ ನರದಲ್ಲಿ ಬೆಳಗ್ಗೆ ಏಳುವಾಗ ನೋವು ಬರುತ್ತಿದ್ದರೆ, ಅಥವಾ ಮೊಣಕಾಲಿನ ಕೆಳಗೆ ಮೂಳೆಯ ಉದ್ದಕ್ಕೂ ಮುಟ್ಟಿದರೆ ನೋಯುತ್ತಿದ್ದರೆ ಸ್ಕಿಪ್ಪಿಂಗ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಮಂಡಿ ಚುಳ್ ಅನ್ನುವುದು ಬೇರೆ ವಿಷಯ, ಅದನ್ನು ಸುಮ್ನೆ ಬಿಡಬೇಡಿ. ಓಡುವ ಶೂಗಳ ಹಿಮ್ಮಡಿ ದಪ್ಪ, ಮೆತ್ತಗೆ. ನೇರ ಓಡೋಕೆ ಮಾಡಿದ್ದು ಅವು. ಪಕ್ಕಕ್ಕೆ ಸರಿದಾಗ ಪಾದ ಮಗುಚುತ್ತದೆ, ತಿರುಗುವಾಗ ಅಡಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಪಾದ ಅಲ್ಲೇ ನಿಂತು ಮೈ ತಿರುಗಿದರೆ ನಡುವೆ ಸಿಕ್ಕಿಹಾಕಿಕೊಳ್ಳುವುದು ಮಂಡಿ. ಬಾಕ್ಸಿಂಗ್ ಶೂ ತೆಳ್ಳಗೆ, ಚಪ್ಪಟೆ, ಹರಡಿನ ಮೇಲಿನವರೆಗೂ ಲೇಸ್ ಇರುತ್ತದೆ. ಈಗಲೇ ಕೊಳ್ಳಬೇಕಿಲ್ಲ. ಚಪ್ಪಟೆ ಅಡಿಯ ಯಾವುದೇ ಕ್ಯಾನ್ವಾಸ್ ಶೂ ನಡೆಯುತ್ತದೆ. ತಿರುಗುವಾಗ ಹಿಮ್ಮಡಿ ಎತ್ತುವುದನ್ನು ಮಾತ್ರ ಮರೆಯಬೇಡಿ, ಪಾದ, ಮಂಡಿ, ಸೊಂಟ ಮೂರೂ ಒಟ್ಟಿಗೆ ಒಂದೇ ಕಡೆ ತಿರುಗಬೇಕು.

ಪ್ರಶ್ನೆ: ಅಭ್ಯಾಸದಲ್ಲಿ ಎಲ್ಲಾ ಸರಿ ಇರುತ್ತದೆ. ಸ್ಪಾರಿಂಗ್ (ಜೊತೆಗಾರನ ಎದುರು ಅಭ್ಯಾಸದ ಪಂದ್ಯ) ಶುರುವಾದ ಕೂಡಲೇ ಮರೆತುಹೋಗುತ್ತದೆ. ಎದುರಿನವನು ಮುಂದೆ ಬಂದ ಹಾಗೆ ಹಿಂದೆ ಹಿಂದೆ ಹೋಗಿ ಹಗ್ಗಕ್ಕೆ ತಗುಲಿಕೊಂಡು ಪೆಟ್ಟು ತಿನ್ನುತ್ತೇನೆ.

ಉತ್ತರ: ಅಮೆಚೂರ್ ಪಂದ್ಯದ ರಿಂಗ್ ಹಗ್ಗದೊಳಗೆ 6.1 ಮೀಟರ್ ಉದ್ದ, ಅಷ್ಟೇ ಅಗಲ. ನಡುವೆ ನಿಂತರೆ ಬೆನ್ನ ಹಿಂದೆ ಮೂರು ಮೀಟರ್ ಇರುತ್ತದೆ. ಹೆದರಿದ ಮನುಷ್ಯನಿಗೆ ಅದು ನಾಲ್ಕು ಹೆಜ್ಜೆ. ನೇರ ಹಿಂದಕ್ಕೆ ಹೋಗುವುದರ ತೊಂದರೆ ಜಾಗ ಮುಗಿಯುವುದು ಮಾತ್ರ ಅಲ್ಲ. ಮುಂದೆ ಬರುವವನು ಹಿಂದೆ ಹೋಗುವವನಿಗಿಂತ ಯಾವಾಗಲೂ ವೇಗ, ಅದೂ ಅಲ್ಲದೆ ನೀವು ಅವನ ನೇರದಲ್ಲೇ ಇರುವುದರಿಂದ ಗುರಿ ಬದಲಿಸುವ ಕೆಲಸವೂ ಅವನಿಗಿಲ್ಲ.

ಎರಡು ಹೆಜ್ಜೆ ಹಿಂದೆ, ಮೂರನೆಯದು ಪಕ್ಕಕ್ಕೆ. ಇದನ್ನು ರೂಢಿ ಮಾಡಿಕೊಳ್ಳಿ. ಪಕ್ಕಕ್ಕೆ ಅಂದರೆ ಎತ್ತ? ಎದುರಾಳಿಯ ಬಲವಾದ ಕೈಯಿಂದ ದೂರಕ್ಕೆ. ಅವನು ಸೌತ್‌ಪಾ ಆದರೆ ಅವನ ಎಡಗೈ ನಿಮ್ಮ ಬಲಗಡೆ ಇರುತ್ತದೆ, ಹಾಗಾಗಿ ನಿಮ್ಮ ಎಡಕ್ಕೆ ಹೋಗಿ. ಆರ್ಥೊಡಾಕ್ಸ್ ಆದರೆ ಬಲಕ್ಕೆ, ಆದರೆ ಆ ಕಡೆ ಅವನ ಎಡ ಹುಕ್ ಕಾಯುತ್ತಿರುತ್ತದೆ, ಬಲಗೈಯಿಂದ ಮುಖ ಮುಚ್ಚಿಕೊಂಡೇ ಹೋಗಿ. ಯಾವಾಗಲೂ ಒಂದೇ ಕಡೆ ಹೋದರೆ ಅವನು ಎರಡನೇ ಸಲಕ್ಕೇ ತಿಳಿದುಕೊಳ್ಳುತ್ತಾನೆ.

ಹಗ್ಗ ಆಗಲೇ ಬೆನ್ನಿಗೆ ತಗುಲಿದ್ದರೆ ಪಿವಟ್. ಮುಂದಿನ ಕಾಲಿನ ಹೆಬ್ಬೆರಳ ಬುಡವನ್ನು ನೆಲಕ್ಕೆ ಒತ್ತಿ, ಹಿಮ್ಮಡಿ ಎತ್ತಿ, ಆ ಒಂದು ಬಿಂದುವಿನ ಮೇಲೆ ತಿರುಗುತ್ತಾ ಹಿಂದಿನ ಕಾಲನ್ನು ಬೀಸಿ ಹೊಸ ಜಾಗಕ್ಕೆ ತನ್ನಿ. ಅರ್ಧ ಲಂಬಕೋನದಷ್ಟು ತಿರುಗಿದರೂ ಸಾಕು, ಅವನು ನುಗ್ಗಿದ ರಭಸಕ್ಕೆ ನೀವು ಮೊದಲಿದ್ದ ಜಾಗಕ್ಕೇ ಹೋಗುತ್ತಾನೆ, ನೀವು ಅವನ ಪಕ್ಕದಲ್ಲಿರುತ್ತೀರಿ. ಹೊಸಬರು ಇಲ್ಲಿ ಮಾಡುವ ತಪ್ಪು ಅಂದರೆ ತಿರುಗಿ ನಿಂತು ನೋಡುವುದು. ತಿರುಗಿದ ಕೂಡಲೇ ಒಂದು ಜ್ಯಾಬ್ ಹೋಗಬೇಕು, ಇಲ್ಲದಿದ್ದರೆ ಅವನೂ ತಿರುಗುತ್ತಾನೆ, ಕಥೆ ಮತ್ತೆ ಮೊದಲಿಂದ.

ಇದನ್ನೇ ಆ ಕಡೆಯಿಂದ ಯೋಚಿಸಿ. ನಿಮ್ಮನ್ನು ಹಗ್ಗಕ್ಕೆ ತಗುಲಿಸುವವನು ನಿಮ್ಮ ಹಿಂದೆ ಓಡುತ್ತಿಲ್ಲ, ನೀವು ಹೋಗಬೇಕಾದ ದಾರಿಗೆ ಓರೆಯಾಗಿ ಹೆಜ್ಜೆ ಹಾಕಿ ಅಡ್ಡ ನಿಲ್ಲುತ್ತಿದ್ದಾನೆ. ರಿಂಗ್ ಕತ್ತರಿಸುವುದು ಅನ್ನುತ್ತಾರೆ. ಹೆವಿವೇಟ್ ಚಾಂಪಿಯನ್ ಆಗಿದ್ದ ಜಾರ್ಜ್ ಫೋರ್ಮನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1974ರಲ್ಲಿ ಕಿನ್ಶಾಸಾದಲ್ಲಿ ಅಲಿ ಅವನ ಸುತ್ತ ಕುಣಿದು ಸುಸ್ತು ಮಾಡುತ್ತಾರೆ ಅಂತ ಜನ ಅಂದುಕೊಂಡಿದ್ದರು, ಅಲಿ ನೋಡಿದರೆ ಎರಡನೇ ರೌಂಡಿಗೇ ಹಗ್ಗಕ್ಕೆ ಒರಗಿಬಿಟ್ಟರು. ಅಲ್ಲಿ ನಿಂತು ಹೊಡೆತ ತಿಂದು, ಎದುರಾಳಿಯನ್ನು ಸುಸ್ತು ಮಾಡಿ 8ನೇ ರೌಂಡಿನಲ್ಲಿ ನಾಕೌಟ್ ಮಾಡಿದರು ಅನ್ನೋದು ಬೇರೆ ಮಾತು. ಆ ಭಾಗವನ್ನು ನೀವು ಮಾಡಲು ಹೋಗಬೇಡಿ ದಯವಿಟ್ಟು.

ಮರೆತುಹೋಗುವುದಕ್ಕೆ ಮದ್ದು: ಕೋಚ್‌ಗೆ ಹೇಳಿ ಕೆಲವು ರೌಂಡ್ ಬರೀ ಕಾಲಿನ ಸ್ಪಾರಿಂಗ್ ಮಾಡಿ. ಇಬ್ಬರೂ ಹೊಡೆಯುವ ಹಾಗಿಲ್ಲ, ಎದುರಿನವರ ಭುಜವನ್ನು ತೆರೆದ ಅಂಗೈಯಿಂದ ಮುಟ್ಟಬೇಕು ಅಷ್ಟೇ. ಪೆಟ್ಟಿನ ಹೆದರಿಕೆ ಇಲ್ಲದಿದ್ದಾಗ ತಲೆ ಕೆಲಸ ಮಾಡುತ್ತದೆ.

ಪ್ರಶ್ನೆ: ನನಗೆ 46 ವರ್ಷ. ಕುಣಿಯೋಕೆ ಬರಲ್ಲ, ತಾಳ ಗೊತ್ತಿಲ್ಲ. ಈ ವಯಸ್ಸಲ್ಲಿ ಕಾಲು ಬಗ್ಗುತ್ತಾ?

ಉತ್ತರ: ಬಗ್ಗುತ್ತದೆ. ಮೊದಲು ಡಾಕ್ಟರ್ ಹತ್ತಿರ ಬಿಪಿ, ಹೃದಯ ತೋರಿಸಿಕೊಳ್ಳಿ, ಸ್ಪಾರಿಂಗ್ ಆಸೆ ಬಿಡಿ, ಉಳಿದದ್ದೆಲ್ಲ ಮಾಡಬಹುದು. ಸ್ಕಿಪ್ಪಿಂಗ್ ಬದಲು ಹಗ್ಗ ಇಲ್ಲದೆ ನಿಂತಲ್ಲೇ ಭಾರ ಬದಲಿಸುತ್ತಾ ಹೆಜ್ಜೆ ಹಾಕಿ, ಮಂಡಿಗೆ ಹಿತ.

ಕುಣಿತದ ಮಾತು ಬಂತು ಅಂತ ಹೇಳುತ್ತೇನೆ. ಉಕ್ರೇನಿನ ವಾಸಿಲ್ ಲೊಮಾಚೆಂಕೊನ ಕಾಲಿನ ಕೆಲಸ ನೋಡಿದವರೆಲ್ಲ ಬೆರಗಾಗುತ್ತಾರೆ, 2008 ಮತ್ತು 2012ರ ಒಲಿಂಪಿಕ್ಸ್ ಎರಡರಲ್ಲೂ ಚಿನ್ನ ಗೆದ್ದವನು. ಚಿಕ್ಕವನಿದ್ದಾಗ ಅವನ ಅಪ್ಪ, ಅವರೇ ಕೋಚ್, ಬಾಕ್ಸಿಂಗ್ ಬಿಡಿಸಿ ಕೆಲವು ವರ್ಷ ಅಲ್ಲಿನ ಸಾಂಪ್ರದಾಯಿಕ ನೃತ್ಯಕ್ಕೆ ಸೇರಿಸಿದ್ದರು. ಅಂದರೆ ತಾಳ ಕಲಿಸಬಹುದಾದ ವಿಷಯ, ಹುಟ್ಟಾ ಬರಬೇಕಿಲ್ಲ. ಒಂದು ಹಾಡು ಹಾಕಿ, ಅದರ ತಾಳಕ್ಕೆ ಒಂದೊಂದೇ ಹೆಜ್ಜೆ ಹಾಕಿ ನೋಡಿ. ಬಾಗಿಲು ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲ.

ಪ್ರಶ್ನೆ: ಜ್ಯಾಬ್ ಹೊಡೆಯುತ್ತಾ ಮುಂದೆ ಹೋಗಿ ಅನ್ನುತ್ತಾರೆ. ಕೈ ಮೊದಲು ಹೋಗುತ್ತದೆ, ಕಾಲು ಆಮೇಲೆ. ಎರಡೂ ಒಟ್ಟಿಗೆ ಬರುವುದು ಹೇಗೆ?

ಉತ್ತರ: ಕೈಯನ್ನು ಸ್ವಲ್ಪ ಕಾಯಿಸಿ. ಹಿಂದಿನ ಕಾಲು ತಳ್ಳಲಿ, ಮುಂದಿನ ಪಾದ ಜಾರಲು ಶುರುವಾದ ಮೇಲೆ ಕೈ ಹೊರಡಲಿ. ಮುಷ್ಟಿ ತಗುಲುವುದು, ಮುಂದಿನ ಪಾದ ನೆಲಕ್ಕೆ ಕೂರುವುದು ಒಂದೇ ಹೊತ್ತಿಗೆ ಆಗಬೇಕು. ಆಗ ಮೈಭಾರ ಪೂರ್ತಿ ಇಳಿಯುವ ಮೊದಲು ಮುಷ್ಟಿಯ ಹಿಂದೆ ಬರುತ್ತದೆ. ಪಾದ ಮೊದಲೇ ಕೂತುಬಿಟ್ಟರೆ ಭಾರ ನೆಲಕ್ಕೆ ಹೋಗುತ್ತದೆ, ಉಳಿಯುವುದು ತೋಳಿನ ಬಲ ಮಾತ್ರ. ಕೈ ಮೊದಲೇ ಹೋದರೆ ದೂರ ಸಾಲುವುದಿಲ್ಲ, ಆಗ ಸೊಂಟದಿಂದ ಬಾಗಿ ಮುಖ ಮುಂದೆ ಕೊಡುತ್ತೀರಿ.

ಕೈ ವಾಪಸ್ ಬರುವಾಗ ಹಿಂದಿನ ಕಾಲು ಅಷ್ಟೇ ದೂರ ಮುಂದೆ ಬರಬೇಕು. ಇದನ್ನು ಮರೆಯುವವರೇ ಎಲ್ಲರೂ. ಜ್ಯಾಬ್ ಚೆನ್ನಾಗಿ ಹೋಯಿತು ಅನ್ನೋ ಖುಷಿಯಲ್ಲಿ ಕಾಲು ಹಿಂದೆಯೇ ಉಳಿದು, ಮೂರು ಜ್ಯಾಬ್ ಆಗುವಷ್ಟರಲ್ಲಿ ಕಾಲುಗಳು ಅಗಲವಾಗಿ ಚಾಚಿ ಅಲುಗಾಡಲಾಗದೆ ನಿಂತಿರುತ್ತಾರೆ. ಬ್ಯಾಗ್ ಇಲ್ಲದೆ, ಗಾಳಿಯಲ್ಲಿ, ತುಂಬಾ ನಿಧಾನವಾಗಿ ಮಾಡಿ. ಪಾದ ಕೂತ ಸದ್ದು ಮತ್ತು ನೀವು ಬಾಯಿಯಿಂದ ಬಿಡುವ ‘ಹುಸ್’ ಒಂದೇ ಸದ್ದಾಗಿ ಕೇಳುವವರೆಗೆ ವೇಗ ಜಾಸ್ತಿ ಮಾಡಬೇಡಿ. ಎರಡು ಸದ್ದು ಬೇರೆ ಬೇರೆ ಕೇಳಿಸಿದರೆ ಇನ್ನೂ ನಿಧಾನ ಮಾಡಿ.